ನಾಗಸಾಕಿ ನೋಡಲು ಒಂದು ದಿನ ಸಾಕಾ?

ಪ್ರಶ್ನೆ: ಫುಕುವೊಕಾದಿಂದ ಬೆಳಗ್ಗೆ ಹೋಗಿ ರಾತ್ರಿ ವಾಪಸ್ ಬರುವ ಯೋಚನೆ. ಹಳೇ ಚರ್ಚು, ಚೀನೀ ದೇವಸ್ಥಾನ ಎರಡೂ ನೋಡಬೇಕು. ಅಮ್ಮ ಜೊತೆಗಿದ್ದಾರೆ, ಮಂಡಿನೋವು, ಮಾಂಸ ತಿನ್ನುವುದಿಲ್ಲ.

ಉತ್ತರ 1: ಆರಾಮಾಗಿ ಆಗುತ್ತೆ, ಊರೆಲ್ಲ ಟ್ರಾಮ್ ಇದೆ. ಆದ್ರೆ ಊರೇ ಗುಡ್ಡ. ಇಶಿಬಾಶಿ ಸ್ಟಾಪಿನಲ್ಲಿ ಇಳಿದರೆ ಹತ್ತಿರದಲ್ಲೇ ಓರೆಯಾಗಿ ಮೇಲೇರುವ ಲಿಫ್ಟ್ ಇದೆ, ಅದರಲ್ಲಿ ಹೋಗಿ, ಹಳೇ ವಿದೇಶಿ ವ್ಯಾಪಾರಿಗಳ ಮನೆಗಳಿರುವ ಗ್ಲೋವರ್ ಗಾರ್ಡನ್‌ನ ಮೇಲಿನ ಗೇಟಿನಿಂದ ಒಳಗೆ ಹೋಗಿ, ನೋಡುತ್ತಾ ಕೆಳಗಿಳಿದರೆ ಓವುರಾ ಚರ್ಚ್ ಸಿಗುತ್ತೆ. ನಿಷೇಧಕ್ಕೆ ಹೆದರಿ ಇನ್ನೂರೈವತ್ತು ವರ್ಷ ನಂಬಿಕೆ ಮುಚ್ಚಿಟ್ಟುಕೊಂಡಿದ್ದ ಕ್ರೈಸ್ತರು 1865ರಲ್ಲಿ ಫ್ರೆಂಚ್ ಪಾದ್ರಿಯ ಮುಂದೆ ಬಾಯಿಬಿಟ್ಟದ್ದು ಇಲ್ಲೇ.

ಉತ್ತರ 2: ಸೋಫುಕುಜಿ ದೇವಸ್ಥಾನ ಬಿಡಬೇಡಿ. ಚೀನೀ ವ್ಯಾಪಾರಿಗಳು 1629ರಲ್ಲಿ ಕಟ್ಟಿಸಿದ್ದು, ಕೆಂಪು ಬಾಗಿಲು ನೋಡಿದ್ರೆ ಜಪಾನ್ ಅನ್ನಿಸಲ್ಲ. ಚೈನಾಟೌನ್ ಸುಮ್ನೆ ಒಂದು ಸುತ್ತು ಸಾಕು, ಅಲ್ಲಿನ ಚಾಂಪೋನ್ ನೂಡಲ್ಸ್ ಅಮ್ಮನಿಗೆ ಆಗಲ್ಲ, ಸಾರೇ ಮೂಳೆಯದು. ಏನಾದ್ರೂ ಕಟ್ಟಿಕೊಂಡು ಹೋಗಿ.

ಉತ್ತರ 3: ಸ್ಟೇಷನ್ ಹತ್ತಿರ ನಿಶಿಜಾಕಾ ಗುಡ್ಡವೂ ಇದೆ. 1597ರಲ್ಲಿ ಅಲ್ಲಿ ಶಿಲುಬೆಗೇರಿಸಿದ 26 ಕ್ರೈಸ್ತರಲ್ಲಿ ಗೊನ್ಸಾಲೊ ಗಾರ್ಸಿಯಾ ನಮ್ಮ ಮುಂಬೈ ಪಕ್ಕದ ವಸಾಯಿಯಲ್ಲಿ ಹುಟ್ಟಿದವರು, ಗೊತ್ತಾ?

ಪ್ರಶ್ನೆ ಕೇಳಿದವರು: ಗೊತ್ತಿರಲಿಲ್ಲ! ಲಿಫ್ಟ್ ವಿಷಯಕ್ಕೆ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಪುಳಿಯೋಗರೆ ಕಟ್ಟುತ್ತೇನೆ.