ಪದಚರ್ಚೆ: ಎರಡು ಬಾಹುಗಳ ನಡುವೆ ಬರುವ ಕೋನಕ್ಕೆ ಯಾವ ಪದ?

ಕೇಳಿಕೆ (ವಿರಾಜಪೇಟೆ)

ಮಾನ್ಯರೇ,

ಇಲ್ಲಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೇನೆ. ತ್ರಿಭುಜಗಳ ಸರ್ವಸಮತೆಯ (ಆಕಾರ, ಅಳತೆ ಎರಡೂ ಒಂದೇ ಆಗಿರುವುದರ) ನಿಯಮಗಳನ್ನು ತರಗತಿಯ ಗೋಡೆಯ ಮೇಲೆ ಬರೆಸಬೇಕಾಗಿದ್ದು, ಬರೆಯುವವರು ಶನಿವಾರ ಬರುತ್ತಾರೆ. ಬಾ.ಕೋ.ಬಾ. (ಬಾಹು-ಕೋನ-ಬಾಹು) ನಿಯಮದ ಸಾಲಿನಲ್ಲಿ, ಅಂದರೆ ಎರಡು ಬಾಹುಗಳೂ ಅವುಗಳ ನಡುವೆ ಬರುವ ಕೋನವೂ ಸಮವಾಗಿದ್ದರೆ ತ್ರಿಭುಜಗಳು ಸರ್ವಸಮ ಎಂಬಲ್ಲಿ, ಆ ಕೋನದ ಪದ ಸಿಕ್ಕಿಕೊಂಡಿದೆ. ನಾನು ಪಾಠದಲ್ಲಿ "ಅಂತರ್ಗತ ಕೋನ" ಎನ್ನುತ್ತೇನೆ. ಆದರೆ ಮನೆಗೆಲಸ ತಿದ್ದುವಾಗ ನೋಡಿದರೆ, ಎರಡು ಬಾಹುಗಳ ಜೊತೆಗೆ ಯಾವುದಾದರೂ ಒಂದು ಕೋನ ಸಮವಾಗಿದ್ದರೆ ಸಾಕೆಂದುಕೊಂಡು, "ಬಾ.ಕೋ.ಬಾ. ಪ್ರಕಾರ ಸರ್ವಸಮ" ಎಂದು ಬರೆದು ಮುಗಿಸಿರುತ್ತಾರೆ. ಕೇಳಿದರೆ, "ಅಂತರ್ಗತ ಎಂದರೆ ಒಳಗಿರುವುದು ಅಲ್ಲವೇ ಮಿಸ್?" ಎನ್ನುತ್ತಾರೆ. ತ್ರಿಭುಜದ ಮೂರೂ ಕೋನಗಳು ಒಳಗೇ ಇವೆ, ಮಕ್ಕಳನ್ನು ದೂರುವಂತಿಲ್ಲ. "ನಡುಕೋನ" ಎಂದು ಬರೆಸಬಹುದೇ?

ಉತ್ತರ (ಮಡಿಕೇರಿ)

ಬರೆಸಬಾರದು. ನಡು ಕನ್ನಡ, ಕೋನ ಸಂಸ್ಕೃತ, ಇದು ಅರಿಸಮಾಸ. ವ್ಯಾಕರಣಕಾರ ಕೇಶಿರಾಜ ಏಳು ಶತಮಾನಗಳಿಗೂ ಹಿಂದೆಯೇ ಇದನ್ನು ದೋಷವೆಂದು ಹೇಳಿ ಮುಗಿಸಿದ್ದಾನೆ. "ಅಂತರ್ಗತ" ಪದದಲ್ಲಿ ಕೊರತೆಯೇನೂ ಇಲ್ಲ.

ಉತ್ತರ (ಸೋಮವಾರಪೇಟೆ)

ಹಾಗಾದರೆ ಕೋನವನ್ನೇ ಬಿಟ್ಟು "ನಡುಮೂಲೆ" ಎನ್ನಿ, ಸಮಾಸದ ತಕರಾರು ತಾನಾಗಿಯೇ ಹೋಗುತ್ತದೆ. ಅಷ್ಟಕ್ಕೂ ತ್ರಿಭುಜವೇ ಏಕೆ ಬೇಕು? ಮುಮ್ಮಡಿ, ಮುಕ್ಕಣ್ಣ ಎನ್ನುವ ನಾಲಿಗೆಗೆ ಮುಮ್ಮೂಲೆ ಎನ್ನುವುದು ಕಷ್ಟವೇ? ಭುಜ ಎಂದರೆ ಮಕ್ಕಳು ಹೆಗಲು ಮುಟ್ಟಿ ತೋರಿಸುತ್ತಾರೆ. ಎರವಲು ಪದಗಳನ್ನು ಹೇರಿ, ಬಳಿಕ ಮಕ್ಕಳಿಗೆ ಗಣಿತ ಬಾರದು ಎನ್ನುವುದು ನಮ್ಮ ಹಳೆಯ ಚಾಳಿ.

ಉತ್ತರ (ಮಡಿಕೇರಿ)

ಮೂಲೆಯನ್ನು ಡಿಗ್ರಿಗಳಲ್ಲಿ ಅಳೆಯುವವರನ್ನು ನಾನು ಕಂಡಿಲ್ಲ. 12ನೆಯ ಶತಮಾನದಲ್ಲಿ ಕನ್ನಡದಲ್ಲಿಯೇ ಗಣಿತ ಬರೆದ ರಾಜಾದಿತ್ಯ ತನ್ನ ಕೃತಿಗೆ "ಕ್ಷೇತ್ರಗಣಿತ" ಎಂದು ಹೆಸರಿಟ್ಟನೇ ಹೊರತು "ಹೊಲದೆಣಿಕೆ" ಎಂದಲ್ಲ. ಎರವಲಿನಿಂದ ಅವನ ಕನ್ನಡವೇನೂ ಕೆಡಲಿಲ್ಲ.

ಉತ್ತರ (ಕುಶಾಲನಗರ)

ಕೇಳಿದವರಿಗೆ ಶನಿವಾರದೊಳಗೆ ಪದ ಬೇಕಾಗಿದೆ ಎಂಬುದನ್ನು ಇಬ್ಬರೂ ಮರೆತಂತಿದೆ.

ಮೊದಲು ಅರಿಸಮಾಸದ ಮಾತು. ಸಂಸ್ಕೃತದ ರೂಪ "ಕೋಣ". ಕನ್ನಡದಲ್ಲಿ ಹಾಗೆ ಬರೆದರೆ ಗದ್ದೆಯಲ್ಲಿ ಉಳುವ ಪ್ರಾಣಿಯಾಗುತ್ತದೆ, ಆದ್ದರಿಂದ "ಕೋನ" ಎಂದು ಬರೆಯುವುದೇ ಕ್ಷೇಮ. ಈ ಕೋಣ ಶಬ್ದವನ್ನು, ಬಾಗು ಎಂಬ ಅರ್ಥದ ತಮಿಳಿನ "ಕೋಣ್" ಇತ್ಯಾದಿಗಳೊಂದಿಗೆ ಹೋಲಿಸಿ, ದ್ರಾವಿಡದಿಂದಲೇ ಸಂಸ್ಕೃತಕ್ಕೆ ಹೋದದ್ದೆಂದು ವಾದಿಸುವ ಭಾಷಾವಿಜ್ಞಾನಿಗಳಿದ್ದಾರೆ. ಅವರ ಮಾತು ನಿಂತರೆ, ಮಡಿಕೇರಿಯವರು ಹೊರಗಿನದೆಂದು ತಡೆದದ್ದೂ ಸೋಮವಾರಪೇಟೆಯವರು ಓಡಿಸಲು ಹೊರಟದ್ದೂ ಮನೆಯವರನ್ನೇ. ವಾದ ನಿಲ್ಲದಿದ್ದರೂ ಚಿಂತೆಯಿಲ್ಲ. ಅರಿಸಮಾಸವೆಂಬ ಒಂದೇ ಕಾರಣಕ್ಕೆ ಪದವನ್ನು ಬಿಡುವುದಾದರೆ ಮೊದಲು "ಮಳೆಗಾಲ"ವನ್ನು ಬಿಡಬೇಕು. ಕೊಡಗಿನಲ್ಲಿ ಕುಳಿತು ಅದನ್ನು ಯಾರು ಬಿಡುತ್ತಾರೆ?

ಆದರೂ "ನಡುಕೋನ" ನನಗೆ ಒಪ್ಪಿಗೆಯಿಲ್ಲ, ಕಾರಣ ಬೇರೆ. ಯಾವುದರ ನಡು ಎಂಬುದನ್ನು ಅದು ಹೇಳುವುದಿಲ್ಲ. ತ್ರಿಭುಜವನ್ನು ಎಬಿಸಿ ಎಂದು ಬರೆದಾಗ ಬಿ ನಡುವೆ ಇದೆಯಾದ್ದರಿಂದ ಅದೇ ನಡುಕೋನ ಎಂದುಕೊಳ್ಳುವ ಮಗು ಇದ್ದೇ ಇರುತ್ತದೆ. ಯೂಕ್ಲಿಡ್ ಕೂಡ ತನ್ನ ಮೊದಲ ಪುಸ್ತಕದ 4ನೆಯ ಪ್ರಮೇಯದಲ್ಲಿ ಇದಕ್ಕೊಂದು ಪಾರಿಭಾಷಿಕ ಪದವನ್ನು ಹುಡುಕುತ್ತಾ ಕೂರದೆ, ಸಮವಾದ ರೇಖೆಗಳಿಂದ ಆವೃತವಾದ ಕೋನ ಎಂದು ಬಿಡಿಸಿಯೇ ಹೇಳಿದ. ನಾವೂ "ಆ ಬಾಹುಗಳ ನಡುವಣ ಕೋನ" ಎನ್ನೋಣ. ಇದು ಸಮಾಸವೇ ಅಲ್ಲವಾದ್ದರಿಂದ ಮಡಿಕೇರಿಯವರ ಆಕ್ಷೇಪಕ್ಕೂ ಎಡೆಯಿಲ್ಲ. ಕೋ.ಬಾ.ಕೋ. ಸಾಲಿನಲ್ಲಿ "ಆ ಕೋನಗಳ ನಡುವಣ ಬಾಹು" ಎಂದು ಇದೇ ಮಾತು ತಿರುಗಿ ಬರುತ್ತದೆ.

ಪದದ ಜೊತೆಗೆ ಒಂದು ಚಿತ್ರವನ್ನೂ ಬರೆಸಿ. ಎ ಬಿಂದುವಿನಲ್ಲಿ 30 ಡಿಗ್ರಿ ಕೋನವಿರಲಿ, ಅದರ ಒಂದು ಭುಜದ ಮೇಲೆ 8 ಸೆಂ.ಮೀ. ದೂರದಲ್ಲಿ ಬಿ ಇರಲಿ. ಕೈವಾರವನ್ನು 5 ಸೆಂ.ಮೀ. ತೆರೆದು, ಬಿ ಮೇಲೆ ಮುಳ್ಳೂರಿ ಕಂಸ ಎಳೆದರೆ, ಅದು ಇನ್ನೊಂದು ಭುಜವನ್ನು ಎ ಇಂದ ಸುಮಾರು 3.9 ಮತ್ತು 9.9 ಸೆಂ.ಮೀ. ದೂರಗಳಲ್ಲಿ ಎರಡು ಕಡೆ ಕತ್ತರಿಸುತ್ತದೆ. ಎರಡು ಬಾಹುಗಳೂ ಅವೇ, ಕೋನವೂ ಅದೇ. ಆದರೆ ತ್ರಿಭುಜಗಳು ಎರಡು, ಒಂದು ಗಿಡ್ಡ, ಒಂದು ಉದ್ದ. ಕೋನವು ನಡುವೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಪದವೂ ಹೇಳಲಾರದು.

ಕೇಳಿದವರಿಂದ

"ಆ ಬಾಹುಗಳ ನಡುವಣ ಕೋನ" ಎಂದೇ ಬರೆಸುತ್ತೇನೆ. ಲಂ.ವಿ.ಬಾ. (ಲಂಬಕೋನ-ವಿಕರ್ಣ-ಬಾಹು) ಸಾಲಿನಲ್ಲಿಯೂ "ನಡುವಣ" ಸೇರಿಸಬೇಕೇ?

ಉತ್ತರ (ಕುಶಾಲನಗರ)

ಸೇರಿಸಬಾರದು. ಅಲ್ಲಿ ಲಂಬಕೋನವು ವಿಕರ್ಣಕ್ಕೆ ಎದುರಾಗಿರುತ್ತದೆಯೇ ಹೊರತು ವಿಕರ್ಣ ಮತ್ತು ಬಾಹುವಿನ ನಡುವೆ ಇರುವುದಿಲ್ಲ. ಆದರೂ ನಿಯಮ ಸರಿಯಾಗಿಯೇ ಇರುತ್ತದೆ, ಏಕೆಂದರೆ ಮೇಲಿನ ಚಿತ್ರದಲ್ಲಿ 30ರ ಬದಲು 90 ಡಿಗ್ರಿ ಇಟ್ಟು, ಕೈವಾರವನ್ನು 8 ಸೆಂ.ಮೀ.ಗಿಂತ ಹೆಚ್ಚು ತೆರೆದರೆ, ಕಂಸವು ಆ ಭುಜವನ್ನು ಒಂದೇ ಕಡೆ ಕತ್ತರಿಸುತ್ತದೆ.