ವಕೀಲರನ್ನ ಕೇಳಿ: ಭಯೋತ್ಪಾದನೆ ಅಂದ್ರೆ ಏನು ಅಂತ ಯಾರು ಹೇಳ್ತಾರೆ?

ಧಾರವಾಡ: ಮೇಡಂ ನಮಸ್ಕಾರ್ರಿ. ಭಯೋತ್ಪಾದನೆ ಅಂದ್ರ ಏನಂತ ವಿಶ್ವಸಂಸ್ಥೆದಾಗ ಇನ್ನೂ ಒಂದ ವ್ಯಾಖ್ಯಾ ಇಲ್ಲಂತ, ಖರೇ ಏನ್ರಿ?

ವಕೀಲರು: ಹೌದು. 1996ರಲ್ಲಿ ಭಾರತವೇ ಸಮಗ್ರ ಒಪ್ಪಂದದ ಕರಡು ಇಟ್ಟಿತ್ತು, ಇನ್ನೂ ಪಾಸಾಗಿಲ್ಲ. ಪರದೇಶದ ಆಕ್ರಮಣದ ವಿರುದ್ಧ ಹೋರಾಡೋರು ಇದ್ರಲ್ಲಿ ಬರ್ತಾರಾ, ಸೈನ್ಯ ಮಾಡಿದ್ದು ಬರುತ್ತಾ, ಇವೆರಡರಲ್ಲೇ ಕಗ್ಗಂಟು. ಹಾಗಂತ ಕಾನೂನೇ ಇಲ್ಲ ಅಂತಲ್ಲ, ವಿಮಾನ ಅಪಹರಣಕ್ಕೆ 1970ರದ್ದು, ಬಾಂಬ್‌ಗೆ 1997ರದ್ದು, ಭಯೋತ್ಪಾದನೆಗೆ ದುಡ್ಡು ಕೊಡೋದಕ್ಕೆ 1999ರದ್ದು, ಒಂದೊಂದಕ್ಕೆ ಬೇರೆ ಒಪ್ಪಂದ ಇದೆ.

ಮೈಸೂರು: ಇಂಟರ್‌ಪೋಲ್‌ದು, ಅಂದ್ರೆ ದೇಶದೇಶಗಳ ಪೊಲೀಸರ ಸಂಸ್ಥೆದು, ರೆಡ್ ನೋಟಿಸ್ ಬಂದ್ರೆ ಯಾವ ದೇಶ ಆದ್ರೂ ಹಿಡಿದು ಕಳಿಸ್ಲೇಬೇಕಂತೆ, ಫಾರ್ವರ್ಡ್ ಬಂದಿದೆ.

ವಕೀಲರು: ತಪ್ಪು. ಅದು ವಾರಂಟ್ ಅಲ್ಲ.

ಮಂಗಳೂರು: ಮೇಡಂ, ತಮ್ಮ ಅಬುಧಾಬಿಯಲ್ಲಿದ್ದಾನೆ. ಸಂತ್ರಸ್ತರಿಗೆ ಅಂತ ಒಂದು ವಾಟ್ಸಾಪ್ ಗ್ರೂಪಲ್ಲಿ ದುಡ್ಡು ಎತ್ತಿದ್ರು, ಇವ್ನೂ ಹಾಕಿದ್ದಾನೆ. ಈಗ ಆ ಸಂಘಟನೆ ಸರಿ ಇಲ್ಲ ಅಂತಾರೆ. ವಿಶ್ವಸಂಸ್ಥೆ ಲಿಸ್ಟಲ್ಲಿ ಹೆಸ್ರಿಲ್ಲ, ಹೆದರ್ಬೇಕಾ?

ತುಮಕೂರು: ಚಾಟ್ ಡಿಲೀಟ್ ಮಾಡಿ ಫೋನ್ ರೀಸೆಟ್ ಮಾಡ್ಸಿ, ಏನೂ ಆಗಲ್ಲ.

ವಕೀಲರು: ತುಮಕೂರಿನವ್ರೇ, ದಯವಿಟ್ಟು ಇಂಥ ಮದ್ದು ಹೇಳ್ಬೇಡಿ, ಸಾಕ್ಷ್ಯ ಅಳಿಸಿದ್ರೆ ಅದೇ ಇನ್ನೊಂದು ಕೇಸ್. ಮಂಗಳೂರಿನವ್ರೇ, ನೀವು ನೋಡಿದ ಲಿಸ್ಟ್ ಸಾಲಲ್ಲ. ಎಲ್ಲರೂ ಒಪ್ಪಿದ ವ್ಯಾಖ್ಯೆ ಇಲ್ದೇ ಇರೋದ್ರಿಂದ ಒಂದೊಂದು ದೇಶದ್ದು ಒಂದೊಂದು ಪಟ್ಟಿ, ನಿಮ್ಮ ತಮ್ಮ ನಿಂತಿರೋ ನೆಲದ ಪಟ್ಟಿ ಅವನಿಗೆ ಅನ್ವಯ. ಉದಾಹರಣೆಗೆ, ಈಜಿಪ್ಟಲ್ಲಿ ಹುಟ್ಟಿದ ಮುಸ್ಲಿಂ ಬ್ರದರ್‌ಹುಡ್ ಸಂಘಟನೆ ವಿಶ್ವಸಂಸ್ಥೆ ಪಟ್ಟಿಯಲ್ಲಿಲ್ಲ, ಅಬುಧಾಬಿ ಇರೋ ಯುಎಇ 2014ರಲ್ಲೇ ತನ್ನ ಪಟ್ಟಿಗೆ ಸೇರಿಸ್ತು. ಅದೂ ಅಲ್ದೆ ಅಲ್ಲಿ ಲೈಸೆನ್ಸ್ ಇಲ್ದೆ ಚಂದಾ ಎತ್ತೋದೇ ಅಪರಾಧ, ಭಯೋತ್ಪಾದನೆ ಮಾತೇ ಬೇಡ. 1999ರ ಒಪ್ಪಂದದ ಪ್ರಕಾರ ದುಡ್ಡು ಯಾವುದಕ್ಕೆ ಹೋಗುತ್ತೆ ಅಂತ ಕೊಟ್ಟವನಿಗೆ ಗೊತ್ತಿರ್ಬೇಕು ಇಲ್ಲಾ ಆ ಉದ್ದೇಶವೇ ಇರ್ಬೇಕು, ಅವನ ಪರ ಇರೋದು ಇದೇ, ಅದಕ್ಕೇ ಆ ಮೆಸೇಜುಗಳೆಲ್ಲ ಹಾಗೇ ಇರ್ಲಿ. ಮತ್ತೆ ದುಡ್ಡು ಹಾಕೋದು ಬೇಡ. ಇವತ್ತೇ ಅಲ್ಲಿನ ವಕೀಲರನ್ನ ನೋಡ್ಲಿ.

ಶಿವಮೊಗ್ಗ: ಜೈಷ್-ಎ-ಮೊಹಮ್ಮದ್ ಮುಖ್ಯಸ್ಥ ಮಸೂದ್ ಅಜರ್‌ನ ವಿಶ್ವಸಂಸ್ಥೆ ಪಟ್ಟಿಗೆ ಸೇರಿಸೋಕೆ 2019ರವರೆಗೂ ಚೀನಾ ಬಿಡ್ಲಿಲ್ಲ. ಇಂಥ ವಿಶ್ವಸಂಸ್ಥೆ ಯಾಕೆ ಬೇಕು?

ಬೆಂಗಳೂರು: ಭಯೋತ್ಪಾದನೆಗೆ ಹೋಗೋ ದುಡ್ಡಿನ ಮೇಲೆ ಕಣ್ಣಿಡೋ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಎಟಿಎಫ್ 2018ರಲ್ಲಿ ಪಾಕಿಸ್ತಾನನ ಗ್ರೇ ಲಿಸ್ಟಿಗೆ, ಅಂದ್ರೆ ನಿಗಾ ಇಡೋ ದೇಶಗಳ ಪಟ್ಟಿಗೆ, ಹಾಕಿತ್ತಲ್ಲ, ಒತ್ತಡ ಬಿದ್ದಿದ್ದು ಅಲ್ಲಿಂದ.

ಶಿವಮೊಗ್ಗ: 2022ರಲ್ಲಿ ತೆಗೆದ್ರು ಸ್ವಾಮಿ, ಪೇಪರ್ ಓದಿ.

ಬೆಂಗಳೂರು: ನಾಲ್ಕು ವರ್ಷ ಲೆಕ್ಕಕ್ಕಿಲ್ವಾ? ಮಾತಾಡೋ ರೀತಿ ಕಲೀರಿ.

ಹಾಸನ: 26/11 ಮುಂಬೈ ದಾಳಿ ಕೇಸಿನ ರಾಣಾನ ಅಮೆರಿಕದಿಂದ ತಂದ್ರಲ್ಲ, ಅದೇ ಕೇಸಿನ ಹೆಡ್ಲಿನ ಅವ್ರು ಯಾಕೆ ಕೊಡಲ್ಲ ಮೇಡಂ?

ಮೈಸೂರು: ಮೇಡಂ, ವ್ಯಾಖ್ಯೆ ಇದೆಯೋ ಇಲ್ವೋ?

ವಕೀಲರು: ಮೇಲೆ ಓದಿ.

ಶಿವಮೊಗ್ಗ: ಬೆಂಗಳೂರಿನವ್ರು ಉತ್ತರ ಕೊಡ್ಲಿ ಮೊದ್ಲು.

ವಕೀಲರು: ನಿಮ್ಮಿಬ್ಬರ ಜಗಳ ಪ್ರೈವೇಟಲ್ಲಿ ಇಟ್ಕೊಳ್ಳಿ. ಮಂಗಳೂರಿನವ್ರೇ, ತಮ್ಮಂಗೆ ಫೋನ್ ಮಾಡಿದ್ರಾ? ಎಷ್ಟು ಸಲ ಹಾಕಿದ್ದಾನೆ?