ಅಕ್ಕನ ಮಗನ ಬಾಲ್ ಪೈಥಾನ್ ಕುಮಟೆಗೆ ತರಬಹುದಾ? ದೊಡ್ಡ ಹಾವು ಸಾಕುವ ಕಾನೂನು ಗೊತ್ತಿದ್ದವರು ಹೇಳಿ

ಬಾಡದವ:

ನಮ್ಮದು ಕುಮಟೆ ಹತ್ತಿರ ಬಾಡ. ಅಕ್ಕನ ಮಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ರೂಮಿನಲ್ಲಿ ಒಂದು ಬಾಲ್ ಪೈಥಾನ್ ಸಾಕಿಕೊಂಡಿದ್ದಾನೆ. ಹೋದಾಗ ನೋಡಿದ್ದೇನೆ. ಗಾಜಿನ ಪೆಟ್ಟಿಗೆ, ತಳಕ್ಕೆ ತೆಂಗಿನ ನಾರಿನ ಪುಡಿ, ಒಂದು ಮೂಲೆಯಲ್ಲಿ ಬಿಸಿ ಮಾಡುವ ಮ್ಯಾಟು, ಇನ್ನೊಂದು ಮೂಲೆಯಲ್ಲಿ ನೀರಿನ ಬಟ್ಟಲು. ಹಾವಿನದ್ದು ಕಪ್ಪು ಮಿಶ್ರಿತ ಕಂದು ಮೈ, ನಡುನಡುವೆ ಬೆಲ್ಲದ ಬಣ್ಣದ ಮಚ್ಚೆ. ಕೈಗೆ ಕೊಟ್ಟರೆ ಉಂಡೆ ಸುತ್ತಿಕೊಂಡು ತಲೆ ಒಳಗೆ ಹುಗಿಸುತ್ತದೆ. ಪಾಪದ ಹಾವು.

ಈಗ ಅವನನ್ನು ಕಂಪನಿಯವರು ಒಂದು ವರ್ಷಕ್ಕೆ ಜರ್ಮನಿಗೆ ಕಳಿಸುತ್ತಿದ್ದಾರೆ. "ಮಾವ, ಅಲ್ಲಿವರೆಗೆ ನಿಮ್ಮನೇಲಿ ಇಟ್ಕೊಳ್ಳಿ. ಹದಿನೈದು ದಿನಕ್ಕೊಂದು ಇಲಿ ಕೊಟ್ಟರೆ ಸಾಕು, ಅದರ ಪಾಡಿಗೆ ಅದು ಇರ್ತದೆ" ಅಂತಾನೆ.

ಅಮ್ಮನದ್ದು ಒಂದೇ ಮಾತು. ಹಿತ್ತಲಲ್ಲಿ ನಾಗರಕಟ್ಟೆ ಇದೆ, ಪಂಚಮಿಗೆ ಹಾಲೆರೆಯುವವಳು ಅವಳೇ. "ಹೊರಗಿನ ಹಾವಿಗೆ ಕೈ ಮುಗಿತೇನೆ. ಒಳಗಿನ ಹಾವಿಗೆ ಇಲಿ ಹಾಕುವುದು ನನ್ನ ಕೈಲಾಗದು" ಎಂದಳು. ಅವಳನ್ನು ನಾನು ಹೇಗಾದರೂ ಒಪ್ಪಿಸುತ್ತೇನೆ. (ಸುಳ್ಳು. ಒಪ್ಪುವುದಿಲ್ಲ.)

ನನಗೆ ಬೇಕಾದದ್ದು ಕಾನೂನಿನ ವಿಷಯ. ಅಮೆರಿಕದಲ್ಲಿ ದೊಡ್ಡ ಹಾವು ಸಾಕುವುದಕ್ಕೆ, ಮಾರುವುದಕ್ಕೆ ತಡೆ ತಂದಿದ್ದಾರೆ ಅಂತ ಓದಿದೆ. ನಮ್ಮಲ್ಲೂ ನೋಂದಣಿ ಬಂದಿದೆಯಂತೆ. ಅದು ಸಾಲದು, ಪೂರ್ತಿ ನಿಷೇಧವೇ ಆಗಬೇಕು ಎನ್ನುವವರೂ ಇದ್ದಾರೆ. ನಾನು ಇಟ್ಟುಕೊಂಡರೆ ನನ್ನ ಮೇಲೆ ಕೇಸಾಗುತ್ತದಾ? ಮತ್ತೆ, ವಿಷವೇ ಇಲ್ಲದ ಇಂಥ ಹಾವಿಗೆ ಇಷ್ಟೆಲ್ಲ ಕಾನೂನು ಯಾಕೆ? ನಮ್ಮ ಗದ್ದೆ ಬದುವಿನಲ್ಲಿ ಕೊಳಕುಮಂಡಲ ಓಡಾಡಿಕೊಂಡಿದೆ, ಅದನ್ನು ಕೇಳುವವರಿಲ್ಲ.

ಸಿರ್ಸಿ ವಕೀಲ:

ಒಂದು ಗೊಂದಲ ಮೊದಲು ಬಿಡಿಸುತ್ತೇನೆ. ನಮ್ಮ ಕಾಡಿನ ಹೆಬ್ಬಾವು ಬೇರೆ, ಬಾಲ್ ಪೈಥಾನ್ ಬೇರೆ. ನಮ್ಮದು ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಶೆಡ್ಯೂಲ್ ಒಂದರಲ್ಲಿದೆ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿ. ಅದನ್ನು ಹಿಡಿದು ಮನೆಯಲ್ಲಿಟ್ಟರೆ ಕನಿಷ್ಠ 3 ವರ್ಷ, 7 ವರ್ಷದವರೆಗೂ ಜೈಲು, ಮೇಲಿಂದ ಕನಿಷ್ಠ 25,000 ರೂಪಾಯಿ ದಂಡ. ಅದರಲ್ಲಿ ಮಾತೇ ಇಲ್ಲ.

ಬಾಲ್ ಪೈಥಾನ್ ಆಫ್ರಿಕಾದ್ದು. ಮೊದಲು ಏನಾಗುತ್ತಿತ್ತೆಂದರೆ, ಹೊರದೇಶದ ಪ್ರಾಣಿ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಕೈಗೆ ಸಿಕ್ಕರೆ ಸಿಕ್ಕಿತು. ಒಮ್ಮೆ ದಾಟಿ ಒಳಗೆ ಬಂದರೆ ವನ್ಯಜೀವಿ ಕಾಯ್ದೆ ಅದನ್ನು ಮುಟ್ಟುತ್ತಿರಲಿಲ್ಲ. 2020ರ ಜೂನ್‌ನಲ್ಲಿ ಕೇಂದ್ರದವರು, ಇಂಥ ಪ್ರಾಣಿ ಇಟ್ಟುಕೊಂಡವರು ಆರು ತಿಂಗಳೊಳಗೆ ಸ್ವಂತ ಇಚ್ಛೆಯಿಂದ ತಿಳಿಸಿದರೆ ದಾಖಲೆ ಕೇಳುವುದಿಲ್ಲ ಅಂದರು. ಆಮೇಲೆ 2022ರ ತಿದ್ದುಪಡಿ ಬಂತು, 2023ರ ಏಪ್ರಿಲ್ 1ರಿಂದ ಜಾರಿ. ಸೈಟಿಸ್ ಅಂತ ಕಾಡುಪ್ರಾಣಿ, ಗಿಡಗಳ ವ್ಯಾಪಾರದ ಬಗ್ಗೆ ಒಂದು ಅಂತರರಾಷ್ಟ್ರೀಯ ಒಪ್ಪಂದವಿದೆ. ಅದರ ಪಟ್ಟಿಯ ಪ್ರಾಣಿಗಳೆಲ್ಲ ಈಗ ನಮ್ಮ ಶೆಡ್ಯೂಲ್ ನಾಲ್ಕಕ್ಕೆ ಬಂದಿವೆ. 2024ರ ಫೆಬ್ರವರಿ 28ಕ್ಕೆ ನೋಂದಣಿ ನಿಯಮ ಹೊರಟಿತು. ಕೇಂದ್ರ ಪರಿಸರ ಇಲಾಖೆಯ ಪರಿವೇಶ್ ಪೋರ್ಟಲ್‌ನಲ್ಲಿ ಅರ್ಜಿ, ಆಗಲೇ ಇಟ್ಟುಕೊಂಡಿದ್ದವರಿಗೆ ಆರು ತಿಂಗಳ ಗಡುವು ಇತ್ತು. ಬಾಲ್ ಪೈಥಾನ್ ಆ ಪಟ್ಟಿಯಲ್ಲಿದೆ.

ಹಾಗಾಗಿ ನಿಮ್ಮ ಅಳಿಯನಿಗೆ ಕೇಳಬೇಕಾದ್ದು ಒಂದೇ: ನೋಂದಣಿ ಪತ್ರ ಇದೆಯಾ? ಇದ್ದರೂ ನಿಮ್ಮ ಕೈಗೆ ಕೊಡುವುದು ವರ್ಗಾವಣೆ ಅಂತಾದರೆ ಅದನ್ನೂ ಇಲಾಖೆಗೆ ತಿಳಿಸಬೇಕು. ಇಲ್ಲದಿದ್ದರೆ ಪೆಟ್ಟಿಗೆ ಮುಟ್ಟಲೂ ಹೋಗಬೇಡಿ.

ಒಂದು ತಮಾಷೆ ನೋಡಿ. ನಮ್ಮ ಕಾನೂನು ಹಾವಿನ ಉದ್ದ ನೋಡುವುದಿಲ್ಲ. ಸಾಮಾನ್ಯವಾಗಿ ಐದಡಿ ದಾಟದ ಬಾಲ್ ಪೈಥಾನಿಗೂ ಇಪ್ಪತ್ತಡಿಯ ರೆಟಿಕ್ಯುಲೇಟೆಡ್ ಹೆಬ್ಬಾವಿಗೂ ಹೊರದೇಶದಿಂದ ಬರುವಾಗ ಸೈಟಿಸ್ ಕಾಗದ ಒಂದೇ. ಜನ ಸಾಕುವ ಅಮೆರಿಕದ ಕಾರ್ನ್ ಸ್ನೇಕ್ ಅಂತೂ ಆ ಪಟ್ಟಿಯಲ್ಲೇ ಇಲ್ಲ.

ಅಂಕೋಲಾ ಹಾವಿನವ:

ಬಾಡದಣ್ಣ, ಹಾವು ಹಿಡಿಯುವುದು ನನಗೆ ಹೊಟ್ಟೆಪಾಡಲ್ಲ. ಹಗಲಿಗೆ ಅಂಗಡಿ. ಫೋನ್ ಬಂದರೆ ಫಾರೆಸ್ಟಿನವರಿಗೆ ತಿಳಿಸಿ ಹೋಗುತ್ತೇನೆ. ಜಾಸ್ತಿ ಬರುವುದು ಹೆಬ್ಬಾವಿನ ಫೋನೇ, ಅದೂ ಕೋಳಿಗೂಡಿನದ್ದು. ರಾತ್ರಿ ಸಂದಿಯಲ್ಲಿ ನುಸಿಯುತ್ತದೆ, ಕೋಳಿ ನುಂಗುತ್ತದೆ, ಆಮೇಲೆ ಹೊಟ್ಟೆ ಉಬ್ಬಿ ಅದೇ ಸಂದಿಯಲ್ಲಿ ಹೊರಗೆ ಬರಲಾಗುವುದಿಲ್ಲ. ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಕೇರಿಯ ಜನ ಎಲ್ಲ ಟಾರ್ಚು ಬಿಟ್ಟು, ಕೋಲಿನಲ್ಲಿ ತಿವಿದು ಅದಕ್ಕೆ ಗಾಬರಿ ಹಿಡಿಸಿರುತ್ತಾರೆ. ಗಾಬರಿಯಾದರೆ ನುಂಗಿದ್ದನ್ನು ಕಾರುತ್ತದೆ. ಪುಕ್ಕವೆಲ್ಲ ಲೋಳೆಯಲ್ಲಿ ಮೆತ್ತಿಕೊಂಡ ಆ ಕೋಳಿಯ ವಾಸನೆ ಒಮ್ಮೆ ಮೂಗಿಗೆ ಹೊಡೆದರೆ ಮಧ್ಯಾಹ್ನದ ಊಟ ಬೇಡ. ಕಚ್ಚಿದರೆ ವಿಷ ಇಲ್ಲ ನಿಜ. ಆದರೆ ಹಲ್ಲು ಸೂಜಿಯ ಹಾಗೆ, ಒಳಮುಖಕ್ಕೆ ಬಾಗಿರುತ್ತದೆ. ಕೈ ಎಳೆದುಕೊಂಡರೆ ಚರ್ಮ ಸೀಳಿಕೊಂಡೇ ಬರುತ್ತದೆ. ಎಳೆಯದೆ ಸುಮ್ನೆ ನಿಲ್ಲಬೇಕು, ಅದಾಗಿಯೇ ಬಿಡುವವರೆಗೆ. ಹೇಳುವುದು ಸುಲಭ.

ನೀವು ಕೇಳಿದ್ದು ಕಾನೂನು ಯಾಕೆ ಅಂತ. ನನ್ನ ಲೆಕ್ಕದಲ್ಲಿ ಅದು ಹಾವಿಗಲ್ಲ, ಸಾಕಿ ಬೇಜಾರಾದವನಿಗೆ.

ಕಾರವಾರದ ಕಡೆ ಒಂದು ಬಾಡಿಗೆ ಮನೆ. ಹುಡುಗರು ಖಾಲಿ ಮಾಡಿ ಹೋಗಿದ್ದರು. ಮಾಲೀಕರು ಗುಡಿಸಲು ಹೋದರೆ ಅಡುಗೆಮನೆ ಕಟ್ಟೆ ಕೆಳಗೆ ಪ್ಲಾಸ್ಟಿಕ್ ಡಬ್ಬಿ, ಮುಚ್ಚಳಕ್ಕೆ ಕಾಯಿಸಿದ ಮೊಳೆಯಿಂದ ತೂತು. ಒಳಗೆ ನಿಮ್ಮ ಅಳಿಯನ ಹಾವಿನಂಥದ್ದೇ ಒಂದು. ಕಣ್ಣಿನ ಮೇಲಿನ ಪೊರೆ ಸರಿಯಾಗಿ ಕಳಚದೆ ಬೆಳ್ಳಗೆ ಅಂಟಿಕೊಂಡಿತ್ತು, ಬೆನ್ನುಮೂಳೆ ಎದ್ದು ಕಾಣುತ್ತಿತ್ತು. ಹಿಡಿಯಲು ಎರಡು ನಿಮಿಷ ಬೇಡ. ಕೊಡುವುದು ಎಲ್ಲಿಗೆ? ಒಂದು ಕಡೆ, ನಮ್ಮ ಪಟ್ಟಿಯ ಪ್ರಾಣಿಯಲ್ಲ ಅಂದರು. ಇನ್ನೊಂದು ಕಡೆ, ದಾಖಲೆ ಇಲ್ಲದೆ ತೆಗೆದುಕೊಳ್ಳೋದಿಲ್ಲ ಅಂದರು. ಒಬ್ಬ ಮಹಾನುಭಾವ "ಅಣಶಿ ಘಾಟಿಯಲ್ಲಿ ಬಿಟ್ಟುಬಿಡಿ ಮಾರಾಯ್ರೆ, ಹಾವೇ ಅಲ್ವಾ" ಎಂದ.

ಅದೇ ಆಗಬಾರದ್ದು. ನಮ್ಮ ಅಡಿಕೆ ತೋಟಗಳಿಗೆ ಆಫ್ರಿಕಾದ ದೊಡ್ಡ ಬಸವನಹುಳು ಬಂದು ಮಳೆಗಾಲದಲ್ಲಿ ಏನು ಮಾಡುತ್ತಿದೆ ಅಂತ ಬೆಳೆಗಾರರನ್ನೇ ಕೇಳಿ. ಅದನ್ನೂ ಯಾರೋ ಒಬ್ಬರು ತಂದದ್ದೇ. ಹಾವಿಗೂ ಇಲ್ಲಿ ಏನು ಕಡಿಮೆ? ಸೆಕೆ ಇದೆ, ನೀರಿದೆ, ದರಕಿನ ರಾಶಿ ಇದೆ, ಇಲಿಗಂತೂ ಬರವಿಲ್ಲ.

ಹೊನ್ನಾವರ ಟು ಟ್ಯಾಂಪಾ:

ನಾನು ಹೊನ್ನಾವರದವನು, ಈಗ ಇರುವುದು ಫ್ಲೋರಿಡಾದಲ್ಲಿ. ಅಂಕೋಲಾದವರು ಹೇಳಿದ್ದು ಇಲ್ಲಿ ಆಗಿ ಮುಗಿದಿದೆ.

ಇಲ್ಲಿ ದಕ್ಷಿಣ ತುದಿಗೆ ಎವರ್‌ಗ್ಲೇಡ್ಸ್ ಅಂತ ದೊಡ್ಡ ಜೌಗು ಪ್ರದೇಶ. ಸಾಕಲು ತಂದ ಬರ್ಮೀಸ್ ಹೆಬ್ಬಾವುಗಳು ಕೆಲವು ತಪ್ಪಿಸಿಕೊಂಡವು, ಕೆಲವನ್ನು ಜನ ಬಿಟ್ಟರು. 2000ದ ಹೊತ್ತಿಗೆ ಅಲ್ಲೇ ಮೊಟ್ಟೆಯಿಟ್ಟು ಬೆಳೆಯುತ್ತಿವೆ ಅಂತ ಖಾತ್ರಿಯಾಯಿತು. 2012ರಲ್ಲಿ ಒಂದು ಅಧ್ಯಯನ ಬಂತು. ರಾತ್ರಿ ರಸ್ತೆಯಲ್ಲಿ ಗಾಡಿ ಓಡಿಸುತ್ತಾ ಕಂಡ ಪ್ರಾಣಿಗಳನ್ನು ಎಣಿಸಿದ ಲೆಕ್ಕ ಅದು. ರಕೂನ್, ಒಪಾಸಮ್ ಅಂತ ಇಲ್ಲಿನ ಸಣ್ಣ ಕಾಡುಪ್ರಾಣಿಗಳಿವೆ. ಹಾವು ಹೆಚ್ಚುವ ಮೊದಲಿಗಿಂತ ರಕೂನ್ ಕಾಣುವುದು ಶೇಕಡಾ 99.3 ಇಳಿದಿತ್ತು, ಒಪಾಸಮ್ 98.9. ಜೌಗಿನ ಮೊಲ ಕಾಣಲೇ ಇಲ್ಲ. 2022ರಲ್ಲಿ ತೂಕ ಹಾಕಿದ ಒಂದು ಹೆಣ್ಣು 98 ಕೆಜಿ ಇತ್ತು, ಹೊಟ್ಟೆಯಲ್ಲಿ ಬೆಳೆಯುತ್ತಿದ್ದ ಮೊಟ್ಟೆ 122, ಜೊತೆಗೆ ಜಿಂಕೆಯ ಗೊರಸು. ಈ ಹಾವುಗಳ ಜೊತೆ ಬಂದ ಶ್ವಾಸಕೋಶದ ಒಂದು ಪರೋಪಜೀವಿ ಈಗ ಇಲ್ಲಿನ ಸ್ಥಳೀಯ ಹಾವುಗಳಿಗೂ ಹತ್ತಿದೆ.

ನಾಯಿ ಬಿಟ್ಟರು, ಬಹುಮಾನ ಇಟ್ಟು ಸ್ಪರ್ಧೆ ಮಾಡಿದರು, ಗಂಡು ಹಾವಿಗೆ ರೇಡಿಯೋ ಕೂರಿಸಿ ಅದರ ಬೆನ್ನು ಹತ್ತಿ ಹೆಣ್ಣು ಹುಡುಕಿದರು. 2017ರಲ್ಲಿ ತಮಿಳುನಾಡಿನಿಂದ ಹಾವು ಹಿಡಿಯುವ ಬುಡಕಟ್ಟಿನ ಇಬ್ಬರು ಇರುಳರನ್ನು ಕರೆಸಿದ್ದರು. ಪೇಪರಿನಲ್ಲಿ ಓದಿ ನನಗೆ ನಮ್ಮೂರಿನವರೇ ಬಂದಷ್ಟು ಖುಷಿ. ಆದರೂ ಹಾವು ಮುಗಿದಿಲ್ಲ, ಮುಗಿಯುವ ಲಕ್ಷಣವೂ ಇಲ್ಲ.

ಕಾನೂನು ಬಂದದ್ದು ಆಮೇಲೆ. 2009ರಲ್ಲಿ ಇದೇ ರಾಜ್ಯದಲ್ಲಿ ಸಾಕಿದ ಬರ್ಮೀಸ್ ಹೆಬ್ಬಾವೊಂದು ಪೆಟ್ಟಿಗೆಯಿಂದ ತಪ್ಪಿಸಿಕೊಂಡು ಎರಡು ವರ್ಷದ ಮಗುವನ್ನು ಕೊಂದಿತು. ಚರ್ಚೆ ಜೋರಾಯಿತು. 2012ರಲ್ಲಿ ಇಲ್ಲಿನ ಕೇಂದ್ರ ಸರ್ಕಾರ ಲೇಸಿ ಕಾಯ್ದೆ ಎಂಬ ವನ್ಯಜೀವಿ ವ್ಯಾಪಾರದ ಕಾನೂನಿನಡಿ ಬರ್ಮೀಸ್, ಆಫ್ರಿಕಾದ ಎರಡು ಜಾತಿ, ಹಳದಿ ಅನಕೊಂಡ, ಹೀಗೆ ನಾಲ್ಕನ್ನು ಹಾನಿಕರ ಪಟ್ಟಿಗೆ ಹಾಕಿತು. 2015ರಲ್ಲಿ ಇನ್ನೂ ನಾಲ್ಕು ಸೇರಿದವು. ಬಾಲ್ ಪೈಥಾನ್ ಅದರಲ್ಲಿಲ್ಲ, ಅದು ನಿಮಗೆ ಗೊತ್ತಿರಲಿ.

ಮಲ್ಲೇಶ್ವರಂ ಮಾಣಿ (ಮೂಲ ಸಿದ್ದಾಪುರ):

ನಾನು ಹಾವು ಸಾಕುವವನೇ. ನನ್ನವಕ್ಕೆ ನೋಂದಣಿ ಇದೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಫ್ಲೋರಿಡಾದ ಕಥೆ ಎಲ್ಲರೂ ಹೇಳುತ್ತಾರೆ, ಅರ್ಧ ಮಾತ್ರ ಹೇಳುತ್ತಾರೆ. 2010ರ ಜನವರಿಯಲ್ಲಿ ಅಲ್ಲಿ ಚಳಿ ಬಿದ್ದಾಗ ಬಹಳ ಹೆಬ್ಬಾವು ಸತ್ತವು. ಇನ್ನು ಮಿನ್ನೆಸೋಟಾದಂಥ ಕಡೆ ಹೊರಗೆ ಬಿಟ್ಟರೆ ಒಂದು ಚಳಿಗಾಲವೂ ಬದುಕುವುದಿಲ್ಲ. ಆದರೂ ಒಂದು ಮೂಲೆಯ ತೊಂದರೆಗೆ ಇಡೀ ದೇಶದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಒಯ್ಯಬಾರದು ಎಂದರು. ಸಾಕುವವರ ಸಂಘ ಕೋರ್ಟಿಗೆ ಹೋಯಿತು. 2017ರಲ್ಲಿ ಮೇಲ್ಮನವಿ ಕೋರ್ಟು, ಆ ಕಾಯ್ದೆಯಲ್ಲಿ ಹಾಗೆ ತಡೆಯುವ ಅಧಿಕಾರವೇ ಇಲ್ಲ ಎಂದು ಸಂಘದ ಪರ ತೀರ್ಪು ಕೊಟ್ಟಿತು. ಮತ್ತೆ ಆ ಪಟ್ಟಿಯಿಂದ ಕೊನೆಗೆ ಯಾವುದನ್ನು ಬಿಟ್ಟರು ಗೊತ್ತಾ? ಬೋವಾ ಕನ್‌ಸ್ಟ್ರಿಕ್ಟರ್. ಅಲ್ಲಿನ ಮಾರುಕಟ್ಟೆಯಲ್ಲಿ ಜಾಸ್ತಿ ಮಾರಾಟವಾಗುವ ಹಾವುಗಳಲ್ಲಿ ಅದೂ ಒಂದು. ವ್ಯಾಪಾರ ದೊಡ್ಡದಿದ್ದರೆ ಕಾನೂನು ಮೆತ್ತಗಾಗುತ್ತದೆ.

ಪೂರ್ತಿ ನಿಷೇಧ ಮಾಡಿದರೆ ಸಾಕುವುದು ನಿಲ್ಲುವುದಿಲ್ಲ, ಬಾಗಿಲು ಹಾಕಿಕೊಂಡು ಸಾಕುತ್ತಾರೆ. 2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕಿನಿಂದ ಬಂದವನ ಸೂಟ್‌ಕೇಸಿನಲ್ಲಿ 10 ಹಳದಿ ಅನಕೊಂಡ ಸಿಕ್ಕಿದ್ದು ನಮ್ಮ ಬೆಂಗಳೂರು ವಿಮಾನ ನಿಲ್ದಾಣದಲ್ಲೇ. ಆಗ ಕಾನೂನು ಇರಲಿಲ್ವಾ? ಇತ್ತು.

ಹೊನ್ನಾವರ ಟು ಟ್ಯಾಂಪಾ:

ಚಳಿಯ ಮಾತು ಒಪ್ಪಿದೆ ಭಾವ. ಆದರೆ ಅದೇ ನಿಮ್ಮ ವಾದಕ್ಕೆ ಮುಳುವಾಯಿತು. ಮಿನ್ನೆಸೋಟಾದಲ್ಲಿ ಚಳಿ ಕೊಲ್ಲುತ್ತದೆ. ಕುಮಟೆಯಲ್ಲಿ ಯಾವ ಚಳಿ ಕೊಲ್ಲುತ್ತದೆ? ಜನವರಿಯಲ್ಲೂ ನಾವು ಫ್ಯಾನ್ ಹಾಕಿಕೊಂಡು ಮಲಗುವವರು. ಅಘನಾಶಿನಿ, ಶರಾವತಿ ಹಿನ್ನೀರಿನ ಕಾಂಡ್ಲಾ ಕಾಡು ನೆನೆದುಕೊಂಡರೆ ನನಗೆ ಅನಕೊಂಡದ ಹೆಸರು ಕೇಳಿದರೇ ಎದೆ ಝಲ್ ಎನ್ನುತ್ತದೆ.

ಅಂಕೋಲಾ ಹಾವಿನವ:

ಮಾಣಿ ಹೇಳಿದ್ದರಲ್ಲಿ ಒಂದು ಸತ್ಯ ಇದೆ. ಬರೀ ಹೆದರಿಸಿದರೆ ಹಾವು ಡಬ್ಬಿಯೊಳಗೆ ಹೋಗುತ್ತದೆ, ಡಬ್ಬಿ ಅಡುಗೆ ಕಟ್ಟೆ ಕೆಳಗೆ ಹೋಗುತ್ತದೆ. ಮಣ್ಣುಮುಕ್ಕ ಹಾವಿನ ದಂಧೆ ನೋಡಿಲ್ವಾ? ಎರಡು ತಲೆ, ಅದೃಷ್ಟ ಅಂತೆಲ್ಲ ಕಥೆ ಕಟ್ಟಿ ಲಕ್ಷದ ಮಾತಾಡುತ್ತಾರೆ. ಎಷ್ಟು ಸಲ ಹಿಡಿದರೂ ನಿಂತಿಲ್ಲ.

ಆದರೆ ಬಾಲ್ ಪೈಥಾನ್ ಹೆಸರು ಮುಂದಿಟ್ಟು ಹತ್ತಡಿ ಮೇಲಿನವನ್ನೂ ಒಳಗೆ ತರುವ ಆಟ ನನಗೆ ಒಪ್ಪಿಗೆಯಿಲ್ಲ. ಬರ್ಮೀಸ್, ರೆಟಿಕ್ಯುಲೇಟೆಡ್, ಅನಕೊಂಡ, ಇವು ಮೂರು ಯಾವ ಮನೆಗೂ ಬೇಡ. ಮಾರುವಾಗ ಮರಿ ಮೊಳದುದ್ದ ಇರುತ್ತದೆ, "ಇಷ್ಟೇ ಬೆಳೆಯೋದು ಸಾರ್" ಅಂತಾನೆ ಅಂಗಡಿಯವ. ಬರ್ಮೀಸ್ ಮೂರನೇ ವರ್ಷಕ್ಕೆ ಕೋಳಿ, ಮೊಲ ಕೇಳುತ್ತದೆ. ಆಗ ಕೊಂಡವನಿಗೆ ಮದುವೆ ನಿಶ್ಚಯ ಆಗಿರುತ್ತದೆ.

ಇನ್ನೊಂದು ಬೇಕಾದದ್ದು, ಬೇಡವಾದ ಹಾವನ್ನು ತಂದು ಕೊಡುವ ಜಾಗ. ಟ್ಯಾಂಪಾದವರೇ, ನಿಮ್ಮಲ್ಲಿ ಹಾಗೊಂದಿದೆಯಂತೆ ಹೌದಾ?

ಹೊನ್ನಾವರ ಟು ಟ್ಯಾಂಪಾ:

ಹೌದು. ರಾಜ್ಯದ ವನ್ಯಜೀವಿ ಆಯೋಗದ್ದೇ ವ್ಯವಸ್ಥೆ. ಬೇಡವಾದ ಪ್ರಾಣಿಯನ್ನು ಕೊಟ್ಟುಬಿಡಬಹುದು, ಲೈಸೆನ್ಸ್ ಇಲ್ಲದಿದ್ದರೂ ದಂಡ ಹಾಕುವುದಿಲ್ಲ. ಮೊದಲೇ ಹೆಸರು ಕೊಟ್ಟವರು, ಸಾಕಲು ಅರ್ಹರಾದವರು ತೆಗೆದುಕೊಳ್ಳುತ್ತಾರೆ. 2021ರಲ್ಲಿ ಇಲ್ಲಿ ದೊಡ್ಡ ಹಾವುಗಳನ್ನೆಲ್ಲ ಪೂರ್ತಿ ನಿಷೇಧದ ಪಟ್ಟಿಗೆ ಹಾಕಿದಾಗಲೂ, ಆಗಲೇ ಸಾಕಿದ್ದವರಿಗೆ ಪರ್ಮಿಟ್ ಮಾಡಿಸಿಕೊಂಡು ಅದು ಸಾಯುವವರೆಗೆ ಇಟ್ಟುಕೊಳ್ಳಲು ಬಿಟ್ಟರು.

ಮಲ್ಲೇಶ್ವರಂ ಮಾಣಿ:

ಇದಕ್ಕೆ ನನ್ನ ತಕರಾರಿಲ್ಲ. ಆ ಮೂರು ದೊಡ್ಡವನ್ನು ನಿಷೇಧಿಸಿ, ಕೊಡುವ ಜಾಗ ಮಾಡಿ, ಮೊದಲ ಸಹಿ ನನ್ನದು. ಬಾಡದವರೇ, ಒಂದು ಕಿವಿಮಾತು. ಹಾವು ಬರುವುದೇ ಆದರೆ ಬಿಸಿ ಮ್ಯಾಟಿಗೆ ಥರ್ಮೋಸ್ಟಾಟ್ ಬೇಕೇ ಬೇಕು, ಬಿಸಿ ಬದಿ 31-32 ಡಿಗ್ರಿ ಇರಬೇಕು. ಆಷಾಢದಲ್ಲಿ ನಿಮ್ಮಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆ ಅಂತ ನಮಗೆಲ್ಲ ಗೊತ್ತು, ಇನ್ವರ್ಟರ್ ನೋಡಿಕೊಳ್ಳಿ. ತಿಂಗಳುಗಟ್ಟಲೆ ಇಲಿ ಮುಟ್ಟದಿದ್ದರೂ ಗಾಬರಿ ಬೇಡ, ಬಾಲ್ ಪೈಥಾನಿನ ಚಾಳಿಯೇ ಅದು. ತೂಕ ಇಳಿದರೆ ಮಾತ್ರ ಡಾಕ್ಟರ್ ಹುಡುಕಿ. ಜಿಲ್ಲೆಯಲ್ಲಿ ಹಾವು ನೋಡುವ ಡಾಕ್ಟರ್ ಯಾರಿದ್ದಾರೆ ಅಂತ ಈಗಲೇ ವಿಚಾರಿಸಿಟ್ಟುಕೊಂಡರೆ ಒಳ್ಳೆಯದು.

ಬಾಡದವ:

ಎಲ್ಲರಿಗೂ ಉಪಕಾರ. ರಾತ್ರಿ ಅಳಿಯನಿಗೆ ಫೋನ್ ಮಾಡಿದೆ. ನೋಂದಣಿ ಅಂದರೆ ಏನು ಮಾವ ಅಂತಾನೆ! ಕೊಂಡದ್ದು 2023ರ ದೀಪಾವಳಿಗೆ, ಗೆಳೆಯನ ಪರಿಚಯದ ಅಂಗಡಿಯಲ್ಲಿ. ಒಂದು ಬಿಲ್ಲು ಇದೆಯಂತೆ. ಅದರಲ್ಲಿ "ಅಕ್ವೇರಿಯಂ ಸಾಮಾನು" ಅಂತ ಬರೆದಿದೆ. ಆ ಬಿಲ್ಲಿನ ಫೋಟೋ ಇಲ್ಲಿ ಹಾಕಲಾ?

ಸಿರ್ಸಿ ವಕೀಲ:

ಹಾಕಬೇಡಿ ಮಾರಾಯ್ರೆ! ಯಾವ ಕಾರಣಕ್ಕೂ ಬಸ್ಸಿನಲ್ಲೋ ಕಾರಿನಲ್ಲೋ ಹಾವನ್ನು ಇತ್ತ ತರಲೂ ಬೇಡಿ. ದಾರಿಯಲ್ಲಿ ಸಿಕ್ಕರೆ ಸಾಗಾಣಿಕೆ ಅಂತ ಇನ್ನೊಂದು ಸೇರಿಕೊಳ್ಳುತ್ತದೆ. ಅಕ್ವೇರಿಯಂ ಬಿಲ್ಲು ಹಾವಿಗೆ ದಾಖಲೆಯಾಗುವುದಿಲ್ಲ. ಹುಡುಗ ಬೆಂಗಳೂರಲ್ಲೇ ಒಬ್ಬ ವಕೀಲರನ್ನು ಕರೆದುಕೊಂಡು ಮಲ್ಲೇಶ್ವರದ ಅರಣ್ಯ ಭವನಕ್ಕೆ ಹೋಗಿ ತಾನಾಗಿಯೇ ತಿಳಿಸಲಿ. ಇಲಾಖೆ ತಾನಾಗಿ ಬಂದು ಹಿಡಿಯುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ. ಅಂಗಡಿಯವನ ಜೊತೆ ಆದ ವಾಟ್ಸಾಪ್ ಮಾತುಕತೆ, ದುಡ್ಡು ಕಳಿಸಿದ ದಾಖಲೆ ಇದ್ದರೆ ಅಳಿಸದೆ ಇಟ್ಟುಕೊಳ್ಳಲಿ.

ಅವನು ಹೊರಡುವುದು ಯಾವಾಗ? ಟಿಕೆಟ್ ಆದ ಮೇಲೆ ಶುರು ಮಾಡಿದರೆ ಮುಗಿಯುವ ಕೆಲಸ ಅಲ್ಲ ಇದು.